ಅಪೊಲಿನ್ ಮಾಂಯ್ ಗೋರಿಯ ಬೆರಳಿನವಳು

"ಮಧ್ಯಾಹ್ನದವರೆಗೆ ಎಲ್ಲಿ ನಿಲ್ತದೆ ಬಾಯಮ್ಮ ಅದು? ನೋಡಿ, ಈಗ್ಲೇ ಲಂಗ ಎತ್ತಿ ಹಿಡ್ಕೊಂಡಿದೆ, ಓಡ್ಲಿಕ್ಕೆ!" ಎಂದ ಇನಾಸ. ಅವನು ನಮ್ಮ ಸಿಮಿತ್ರಿಯ ಕಾವಲುಗಾರ. ಗೋರಿಗಳ ನಡುವೆಯೇ ಹುಟ್ಟಿ ಬೆಳೆದವನು, ನಗಬಾರದ ಜಾಗ ಅಂತ ಒಂದುಂಟು ಎನ್ನುವುದೇ ಅವನಿಗೆ ಗೊತ್ತಿಲ್ಲ.

"ಲಂಗ ಎತ್ತಿದ್ದಲ್ಲ ಮಾರಾಯ, ಅದು ನೆರಿಗೆ," ಎಂದೆ. "ಜೋಕಿಂ ಮೇಸ್ತ್ರಿ ಎಲ್ಲರಿಗೂ ಹಾಗೆಯೇ ಕೆತ್ತುವುದು. ಗಾಳಿ ಬೀಸಿದ ಹಾಗೆ ಕಾಣ್ಬೇಕಂತೆ."

"ಬಾಯಿ ತೆರೆದದ್ದೂ ಗಾಳಿಗಾ?"

ನನ್ನ ಅತ್ತೆ ಅಪೊಲಿನ್ ಅವರ ಗೋರಿಯ ಮೇಲೆ ಹಿಂದಿನ ಸಂಜೆಯಷ್ಟೇ ನಿಲ್ಲಿಸಿದ ಬಿಳಿಕಲ್ಲಿನ ಹೆಂಗಸು ಅದು. ತುಟಿಯ ಮೇಲೆ ತೋರುಬೆರಳು ಇಟ್ಟುಕೊಂಡಿದ್ದಾಳೆ. ಅಂದರೆ ಮೌನ. ಆದರೆ ಬೆರಳಿನ ಹಿಂದೆ ಆ ತುಟಿಗಳು ಒಂದು ಕಾಳಿನಷ್ಟು ಬಿರಿದಿವೆ, ಇನ್ನೇನು ಒಂದು ಮಾತು ಹೊರಗೆ ಬೀಳುತ್ತದೆ ಎನ್ನುವ ಹಾಗೆ. ಬೆಳಗ್ಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಟವರೆಲ್ಲ ಅವತ್ತು ಮನೆಯ ದಾರಿ ಬಿಟ್ಟು ಸಿಮಿತ್ರಿಯ ಕಡೆಯಿಂದಲೇ ಸುತ್ತು ಹಾಕಿದರು. ನೋಡಿದರು, ಬಾಯಿಗೆ ಸೆರಗು ಹಿಡಿದರು, ನನಗೆ ಒಂದು "ಪಾಪ" ಹೇಳಿ ಹೋದರು.

ನಮ್ಮೂರಿನಲ್ಲಿ ಗೋರಿಯ ಮೇಲೆ ಗುಣಗಳನ್ನು ನಿಲ್ಲಿಸುವುದು ಮುತ್ತಜ್ಜಂದಿರ ಕಾಲದಿಂದ ಬಂದ ಪದ್ಧತಿ. ಗುಣಗಳೆಲ್ಲ ಹೆಂಗಸರು. ತಕ್ಕಡಿ ಹಿಡಿದವಳು ನ್ಯಾಯ, ಕೈಗೆ ಹಾವು ಸುತ್ತಿಕೊಂಡು ಕನ್ನಡಿ ನೋಡುವವಳು ವಿವೇಕ, ಮಡಿಲ ತುಂಬ ಮಕ್ಕಳಿರುವವಳು ಕರುಣೆ, ರೆಕ್ಕೆ ಬಿಚ್ಚಿ ತುತ್ತೂರಿ ಊದುವವಳು ಕೀರ್ತಿ. ಅಷ್ಟು ದೊಡ್ಡ ಹೆಸರೆಲ್ಲ ಹಿಡಿದು ನಾವು ಕರೆಯುವುದಿಲ್ಲ. ತಕ್ಕಡಿಯವಳು, ಕನ್ನಡಿಯವಳು, ತುತ್ತೂರಿಯವಳು ಅನ್ನುತ್ತೇವೆ. ಕಲ್ಲು ನಿಲ್ಲಿಸಿದ ಮರುದಿನ ಊಟದ ಹೊತ್ತಿಗೆ ಗೇಟಿಗೆ ಬೀಗ ಬೀಳುತ್ತದೆ. ಒಳಗೆ ಒಬ್ಬರೂ ಇರಬಾರದು. ಊರು ಉಂಡು, ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ, ಕೆಳಗೆ ಮಲಗಿದವರ ಮೇಲೆ ನಿಲ್ಲಲು ಒಪ್ಪದವಳು ಇಳಿದು ಹೋಗಿರುತ್ತಾಳೆ. ತನಗೆ ಸರಿ ಕಂಡ ಬೇರೆಯವರ ಗೋರಿಯ ಮೇಲೆ ಹೋಗಿ ಕೂತಿರುತ್ತಾಳೆ. ಆ ಒಂದು ಮಧ್ಯಾಹ್ನ ನಿಂತಳೋ, ಮತ್ತೆ ಅವಳು ಕದಲುವುದಿಲ್ಲ.

ಹೀಗೆ ನಮ್ಮ ಹಳೆಯ ಹೆಡ್ಮಾಸ್ಟರರ ತಕ್ಕಡಿಯವಳು ಎದ್ದು ಹೋಗಿ ಮೀನು ಮಾರುತ್ತಿದ್ದ ಕೊರ್ಗಿನಾಳ ಗೋರಿಯ ಮೇಲೆ ನಿಂತಿದ್ದಾಳೆ. ಹೆಡ್ಮಾಸ್ಟರರ ಮಕ್ಕಳು ಖಾಲಿ ಪೀಠದ ಮೇಲೆ ಒಂದು ಹೂವಿನ ಕುಂಡ ಇಟ್ಟು ಸುಮ್ಮನಾದರು. ಕಾಯಿದೆ ಮಾತಾಡಿ ಮಾತಾಡಿ ಪಂಚಾಯ್ತಿಗೆ ಹೆಸರಾದವರೊಬ್ಬರ ತುತ್ತೂರಿಯವಳು ಮಧ್ಯಾಹ್ನ ಕಳೆಯುವುದರೊಳಗೆ ಎಳನೀರು ಮಾರುತ್ತಿದ್ದ ಬಸ್ತ್ಯಾಂವನ ಗೋರಿಯ ತಲೆಯ ಹತ್ತಿರ ಹೋಗಿ ಕೂತಳು. ಅವನ ಕೂಗು ಹೊಳೆಯಾಚೆಗೂ ಕೇಳುತ್ತಿದ್ದದ್ದು ನಿಜವೇ. ಹಾಗಾಗಿ ಬುದ್ಧಿ ಇದ್ದವರು ಗುಣಗಳ ಸಹವಾಸಕ್ಕೆ ಹೋಗುವುದಿಲ್ಲ. ಮರಳು ಸುರಿಯುವ ಗಡಿಯಾರ, ರೆಕ್ಕೆಯಿರುವ ಬುರುಡೆ, ಮುರಿದ ಕಂಬ, ಪಂಜನ್ನು ತಲೆಕೆಳಗು ಮಾಡಿ ಆರಿಸುತ್ತಿರುವ ಮಗು, ಇವುಗಳಲ್ಲಿ ಒಂದನ್ನು ಕೆತ್ತಿಸಿ ನೆಮ್ಮದಿಯಾಗಿರುತ್ತಾರೆ. ಅವು ಎಲ್ಲರ ಮಟ್ಟಿಗೂ ನಿಜ, ಓಡಿಹೋಗುವ ಪ್ರಶ್ನೆಯೇ ಇಲ್ಲ. ನನ್ನ ಯಜಮಾನರು ಲಾಜರ್ ತೀರಿಕೊಂಡಾಗ ನಾನೂ ಒಂದು ಬುರುಡೆ ಹಾಕಿಸಿದೆ. ಒಳ್ಳೆಯ ಮನುಷ್ಯ, ಪರೀಕ್ಷೆಗೆ ಕೂರಿಸುವುದು ಯಾಕೆ ಅಂತ.

ಆದರೆ ಅಪೊಲಿನ್ ಮಾಂಯ್ ಕೇಳಬೇಕಲ್ಲ. ನಮ್ಮಲ್ಲಿ ಅತ್ತೆಯನ್ನು ಮಾಂಯ್ ಅನ್ನುತ್ತೇವೆ. ಅವರ ಬಾಯಿಯ ಬಗ್ಗೆ ನಾನು ಹೇಳಬೇಕಾಗಿಯೇ ಇಲ್ಲ, ನಮ್ಮೂರಿನ ಹೊಳೆಯೂ ಹೇಳುತ್ತದೆ. ಗೋರಿಗಳ ಮೇಲೆ ಕರಗಿ ಬಿದ್ದ ಮೇಣವನ್ನು ಕೆರೆದು ತಂದು, ಕಾಸಿ, ಸೋಸಿ, ಹೊಸ ಬತ್ತಿ ಎರೆದು ಮಾರುವುದು ನಮ್ಮ ಮನೆಯ ಕಸುಬು. ಮಾಂಯ್ ಬುಟ್ಟಿ ಹೊತ್ತು ಬೀದಿಗೆ ಇಳಿದರೆಂದರೆ ಮನೆಮನೆಯ ಜಗಲಿಯಲ್ಲಿ ಒಂದೊಂದು ಕಥೆ. ಯಾರ ಕೋಳಿ ಯಾರ ಅಂಗಳದಲ್ಲಿ ಮೊಟ್ಟೆ ಇಟ್ಟಿತು, ಯಾರ ಸೊಸೆ ಸಾರಿಗೆ ಹುಣಸೆ ಮರೆತಳು, ಯಾರು ಇಗರ್ಜಿಯಲ್ಲಿ ಫಾದರ್ ಪ್ರಸಂಗ ಮಾಡುವಾಗ ಗೊರಕೆ ಹೊಡೆದರು. ನಿದ್ದೆಯಲ್ಲೂ ಮಾತಾಡುತ್ತಿದ್ದರು. ಲಾಜರ್ ಹೇಳುತ್ತಿದ್ದರು, "ನಮ್ಮ ಅಮ್ಮ ಸತ್ತ ದಿನ ಊರಿನವರಿಗೆ ಕಿವಿ ಕೇಳುದಿಲ್ಲ ಅಂತ ಅನ್ನಿಸ್ಲಿಕ್ಕುಂಟು."

ಅಂಥವರು ಒಂದು ದಿನ ನನ್ನನ್ನು ಎಳೆದುಕೊಂಡು ಜೋಕಿಂ ಮೇಸ್ತ್ರಿಯ ಕಲ್ಲಿನ ಕೊಟ್ಟಿಗೆಗೆ ಹೋದರು. "ನನಗೆ ಒಬ್ಬ ಬೆರಳಿನವಳು ಬೇಕು ಮೇಸ್ತ್ರಿ," ಎಂದರು.

ಮೇಸ್ತ್ರಿ ಉಳಿ ಕೆಳಗಿಟ್ಟ. "ಬೆರಳಿನವಳು ಅಂದ್ರೆ?"

"ಬಾಯಿಗೆ ಬೆರಳು ಇಟ್ಟವಳು. ಸುಮ್ಮನಿರುವವಳು."

"ಯಾರಿಗೆ?"

"ನನಗೆ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಮೂಲೆಯಲ್ಲಿದ್ದ ಬುರುಡೆಗಳನ್ನು ನೋಡಿದೆ. "ಮಾಂಯ್, ಒಂದು ಮರಳುಗಡಿಯಾರ ಸಾಕಲ್ಲ," ಎಂದೆ ಮೆಲ್ಲಗೆ. "ಚಂದ ಉಂಟು. ಲಾಜರ್ ಪಕ್ಕದಲ್ಲಿ ಒಪ್ಪುತ್ತದೆ."

"ಗಡಿಯಾರ ನಿನಗೆ ಹಾಕಿಸ್ಕೊ. ನಾನು ಹೊತ್ತು ನೋಡಿ ಯಾವತ್ತು ಮಾತು ನಿಲ್ಲಿಸಿದ್ದೇನೆ?"

ಮೇಸ್ತ್ರಿ ಅಂಥದ್ದನ್ನು ಹಿಂದೆಂದೂ ಕೆತ್ತಿದವನಲ್ಲ. ನೋಡಿ ಕೆತ್ತಲು ಒಂದು ಮಾದರಿಯೂ ಊರಿನಲ್ಲಿ ಇರಲಿಲ್ಲ. ಕಡೆಗೆ ಮಾಂಯ್ ತಾವೇ ಸ್ಟೂಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. ಕೂತವರು ಸುಮ್ಮನಿರಬೇಕಲ್ಲ? ಬೆರಳು ತುಟಿಯ ಮೇಲೆ, ಮಾತು ಬೆರಳಿನ ಸುತ್ತ. "ಮೇಸ್ತ್ರಿ, ನಿನ್ನ ಹೆಂಡತಿಯ ತಮ್ಮ ಊರಿಗೆ ಬಂದಿದ್ದಾನಂತೆ ಹೌದಾ? ಮೂಗು ಅಷ್ಟು ದೊಡ್ಡ ಮಾಡ್ಬೇಡ. ಆ ಧೂಳಿಗೆ ನೀನು ಬಾಯಿಗೆ ಬಟ್ಟೆ ಕಟ್ಟಬೇಕು ಮಾರಾಯ." ಪಾಪ, ಮೇಸ್ತ್ರಿ ಕಂಡದ್ದನ್ನು ಕೆತ್ತುವ ಮನುಷ್ಯ. ಅವನು ನೋಡಿದಾಗಲೆಲ್ಲ ಆ ತುಟಿಗಳು ಬಿರಿದೇ ಇದ್ದವು. ಕೆಲಸ ಮುಗಿದ ಮೇಲೆ ನೋಡಿ ಅವನೇ ಹೌಹಾರಿದ. ಸರಿಮಾಡಲು ಹೋದರೆ ತುಟಿಯೇ ಹಾರಿಹೋಗುತ್ತದೆ. ಮಾಂಯ್ ಮಾತ್ರ ಸುತ್ತ ತಿರುಗಿ ನೋಡಿ, "ಇರ್ಲಿ ಬಿಡು, ಉಸಿರಾಡ್ಲಿಕ್ಕೆ ಬೇಕಲ್ಲ," ಎಂದರು.

ದಾರಿಯಲ್ಲಿ ನಾನು ಕೇಳಿಯೇ ಬಿಟ್ಟೆ, "ಯಾಕೆ ಮಾಂಯ್ ಇದೆಲ್ಲ? ಸತ್ತ ಮೇಲೂ ಊರು ನಗಬೇಕಾ?"

ಅವರು ಬುಟ್ಟಿಯನ್ನು ಸೊಂಟದ ಈ ಬದಿಯಿಂದ ಆ ಬದಿಗೆ ಬದಲಿಸಿದರು. "ನನ್ನ ಬಾಯಿ ಎಂಥದ್ದು ಅಂತ ಊರಿಗೆ ಗೊತ್ತುಂಟು ಕಾರ್ಮಿಣ್. ಹೊಟ್ಟೆ ಎಂಥದ್ದು ಅಂತ ಗೊತ್ತಿಲ್ಲ. ಒಂದು ಮಧ್ಯಾಹ್ನ ಗೊತ್ತಾಗ್ಲಿ."

ನನ್ನ ಕಾಲು ಅಲ್ಲೇ ನಿಂತಿತು. ಅವರ ಹೊಟ್ಟೆಯಲ್ಲಿ ಇದ್ದದ್ದು ಏನು ಎಂದು ನನಗೆ ಗೊತ್ತಿತ್ತು. ಅದು ನನ್ನ ಮಗಳು ದುಲ್ಸಿನ್‌ಳ ಗುಟ್ಟು.

ಈಗ ಹೇಳಿದರೆ ತೊಂದರೆಯಿಲ್ಲ. ಮದುವೆಯಾಗಿ ಬಹಳ ವರ್ಷ ನನಗೆ ಮಕ್ಕಳಾಗಿರಲಿಲ್ಲ. ಕಡೆಗೆ ಒಂದು ಹೊಟ್ಟೆಯಲ್ಲಿ ನಿಂತಿತು. ಹೆರಿಗೆಗೆಂದು ಹೊಳೆಯಾಚೆ ತವರಿಗೆ ಹೋದೆ. ಮಗು ಅಳಲಿಲ್ಲ. ಅಲ್ಲೇ ಮಣ್ಣು ಮಾಡಿ, ಊರೆಲ್ಲ ಮಲಗಿದ ಮಧ್ಯಾಹ್ನದ ಹೊತ್ತು ನೋಡಿ, ದೋಣಿಯಲ್ಲಿ ಖಾಲಿ ಮಡಿಲು ಹೊತ್ತು ಮನೆಗೆ ಬಂದೆ. ಬಂದರೆ ಮಾಂಯ್ ಒಲೆಯ ಮುಂದೆ ಕೂತಿದ್ದಾರೆ, ತೊಡೆಯ ಮೇಲೆ ಮೇಣ ಸೋಸುವ ಬಟ್ಟೆಯಲ್ಲಿ ಸುತ್ತಿದ ಒಂದು ಜೀವ. ಅದು ಅಳುತ್ತಿತ್ತು. ಸಿಮಿತ್ರಿಯ ಗೋಡೆಯ ಹತ್ತಿರ ಹೆಸರಿಲ್ಲದ ಒಂದು ಗೋರಿ ಉಂಟು. ಹಂಚಿನ ಕಾರ್ಖಾನೆಯ ಸಾವ್ಕಾರರ ಗೋರಿಯನ್ನು ಬಿಟ್ಟುಬಂದ ಕರುಣೆಯಮ್ಮ ಅದರ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಎರಡು ಕಲ್ಲಿನ ಮಕ್ಕಳು. ಮಾಂಯ್ ಬೆಳಗ್ಗೆ ಮೇಣ ಕೆರೆಯಲು ಹೋದಾಗ ಆ ಎರಡರ ಮಧ್ಯೆ ಮೂರನೆಯದು ಕಾಲು ಬಡಿಯುತ್ತಿತ್ತಂತೆ. ಯಾರು ಇಟ್ಟರು ಎಂದು ಯಾರೂ ಕೇಳಿಕೊಂಡು ಬರಲಿಲ್ಲ.

"ಹಾಲು ಉಂಟಲ್ಲ ನಿನ್ನಲ್ಲಿ? ಕುಡಿಸು," ಎಂದರು ಮಾಂಯ್. ಅಷ್ಟೇ. ಆಮೇಲೆ ಬುಟ್ಟಿ ಹೊತ್ತು ಬೀದಿಗೆ ಇಳಿದರು. ಸೊಸೆ ಹೆತ್ತ ಕಥೆಯನ್ನು ಒಂದೊಂದು ಜಗಲಿಯಲ್ಲೂ ಹೇಳಿದರು. ನೋವು ಹೇಗೆ ಬಂತು, ಸೂಲಗಿತ್ತಿ ಹೇಗೆ ಬೈದಳು, ದೋಣಿಯವನು ಎಷ್ಟು ಮೆಲ್ಲಗೆ ಹುಟ್ಟು ಹಾಕಿದ. ಕೇಳಿ ಕೇಳಿ ಸಾಕಾಗಿ ಊರಿನವರು ಕಿವಿ ಮುಚ್ಚಿಕೊಂಡರೇ ಹೊರತು ಒಬ್ಬರಿಗೂ ಸಂಶಯ ಬರಲಿಲ್ಲ. ದುಲ್ಸಿನ್‌ಳ ಕಿವಿ ಸ್ವಲ್ಪ ಅಗಲ. ಅದು ಲಾಜರ್ ಅವರ ಅಜ್ಜನ ಕಿವಿ ಎಂದು ಮಾಂಯ್ ಎಷ್ಟು ಸಲ ಹೇಳಿದರೆಂದರೆ, ಆ ಅಜ್ಜನನ್ನು ಕಂಡ ಮುದುಕರೇ "ಹೌದು ಹೌದು, ಅದೇ ಕಿವಿ" ಎನ್ನತೊಡಗಿದರು. ಹೊಳೆಯಾಚೆಯ ತವರಿನವರು ಬಾಯಿಬಿಡುವವರಲ್ಲ; ನಮ್ಮೂರಿನಲ್ಲಿ ಸಂಗತಿ ಗೊತ್ತಿದ್ದದ್ದು ಮೂವರಿಗೆ, ಮಾಂಯ್, ಲಾಜರ್ ಮತ್ತು ನಾನು. ಲಾಜರ್ ಬುರುಡೆಯ ಕೆಳಗೆ ಮಲಗಿದರು. ಮಾಂಯ್ ಎಷ್ಟೋ ಸಲ ಮಾತಿನ ಓಘದಲ್ಲಿ ಆ ಕಡೆಗೆ ವಾಲುವರೇನೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಷ್ಟರಲ್ಲಿ ಅವರು ಯಾರದೋ ಕೋಳಿಯ ಕಡೆಗೆ ತಿರುಗಿಬಿಡುತ್ತಿದ್ದರು.

ಹೆದರಿಕೆ ನಿಜವಾಗಿ ಹತ್ತಿದ್ದು ಅವರ ಕಡೆಯ ಜ್ವರದಲ್ಲಿ. ಮಾತು ಹಗ್ಗ ಕಿತ್ತ ಕರುವಿನ ಹಾಗೆ ಎಲ್ಲೆಲ್ಲೋ ಓಡುತ್ತಿತ್ತು. ನೋಡಲು ಬಂದವರು ಒಬ್ಬರ ಹಿಂದೆ ಒಬ್ಬರು. ನಾನು ಗಂಜಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಸೆರಫಿನ್ ಬಾಯಮ್ಮ ಮಾಂಯ್‌ಯ ತಲೆಗೆ ತಲೆ ತಾಗಿಸಿ ಕೂತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು. ಸೆರಫಿನ್ ಬಾಯಮ್ಮ ಕಣ್ಣೊರೆಸಿಕೊಂಡರು. ಅವರಿಗೆ ಗೊತ್ತಾದರೆ ಸಂಜೆಯೊಳಗೆ ಮೀನು ಮಾರ್ಕೆಟ್ಟಿಗೆ ಗೊತ್ತು. ಅವತ್ತಿನಿಂದ ನನಗೆ ಒಂದೇ ಲೆಕ್ಕ: ಬೆರಳಿನವಳು ಇಳಿದು ಹೋದರೆ ಮಾಂಯ್ ಬಾಯಿಬಿಟ್ಟಿದ್ದಾರೆ ಎಂದೇ ಅರ್ಥ. ನನ್ನ ದುಲ್ಸಿನ್ ಅದನ್ನು ಯಾವುದೋ ಅಂಗಡಿಯ ಕಟ್ಟೆಯಲ್ಲಿ, ಯಾರದೋ ನಗುವಿನ ಜೊತೆ ಕೇಳುತ್ತಾಳೆ. ಆಮೇಲೆ ಮನೆಗೆ ಬಂದು ನನ್ನನ್ನು ನೋಡುವ ಆ ಒಂದು ನೋಟ ಇದೆಯಲ್ಲ, ಅದಕ್ಕೇ ನನ್ನ ಹೆದರಿಕೆ.

ಇನಾಸ ಬೀಗ ಹಾಕುವ ಹೊತ್ತಿಗೆ ಸೆರಫಿನ್ ಬಾಯಮ್ಮ ಕೊಡೆ ಬಿಡಿಸಿಕೊಂಡು ಬಂದರು. "ಓಡಿದ್ರೆ ಬೇಜಾರು ಮಾಡ್ಬೇಡ ಕಾರ್ಮಿಣ್. ಎಲ್ಲರಿಗೂ ಗೊತ್ತಿದ್ದದ್ದೇ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ನಿಂತ್ರೆ ಮಾತ್ರ ಕೇಳ್ಬೇಕಾಗ್ತದೆ ನೋಡು. ಅಷ್ಟು ಮಾತಾಡಿದವಳು ಮುಚ್ಚಿಟ್ಟದ್ದು ಎಂಥದ್ದು ಅಂತ."

ಇದೊಂದು ನನಗೆ ಹೊಳೆದೇ ಇರಲಿಲ್ಲ. ಹೋದರೆ ಗುಟ್ಟು ಹೊರಗೆ ಬಿದ್ದಿದೆ. ನಿಂತರೆ ಊರು ಹುಡುಕಲು ಹೊರಡುತ್ತದೆ. ಮಾಂಯ್, ನನ್ನನ್ನು ಎಂಥ ಇಕ್ಕಟ್ಟಿನಲ್ಲಿ ಹಾಕಿ ಹೋದಿರಿ ಎಂದು ಮನಸ್ಸಿನಲ್ಲೇ ಜಗಳ ಆಡುತ್ತ ಮನೆಗೆ ಬಂದೆ.

ದುಲ್ಸಿನ್ ಬೇಕರಿಯಿಂದ ಬಂದು ಅಡುಗೆ ಮಾಡಿಟ್ಟಿದ್ದಳು. ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಗಂಜಿಗೆ ಒಣಮೀನಿನ ಚಟ್ನಿ, ನನ್ನ ಇಷ್ಟದ್ದೇ. ಒಂದು ತುತ್ತೂ ಇಳಿಯಲಿಲ್ಲ.

"ಅಮ್ಮ, ಯಾಕೆ ಇಷ್ಟು ಹೆದರ್ತಿ?"

"ಊರು ನಗ್ತದೆ ಮಗಾ."

"ನಗ್ಲಿ ಬಿಡು. ಅಜ್ಜಿ ಇರುವಾಗ್ಲೂ ನಗ್ತಿತ್ತಲ್ಲ? ನಗ್ಸುದು ಅವರಿಗೆ ಖುಷಿ."

ಹಾಗೆಂದು ಕೈತೊಳೆದು ಚಾಪೆ ಹಾಸಿ ಗೋಡೆಗೆ ಮುಖ ಮಾಡಿ ಮಲಗಿದಳು. ನನಗೆ ಅವಳ ಅಗಲ ಕಿವಿ ಮಾತ್ರ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಚಿಕ್ಕವಳಿದ್ದಾಗ ಆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟಿದ್ದೆ, ಅದನ್ನು ಹಿಂಡಿ ಮಗ್ಗಿ ಹೇಳಿಸಿದ್ದೆ, ಅದರ ಹಿಂದೆ ಮಲ್ಲಿಗೆ ಸಿಕ್ಕಿಸಿದ್ದೆ. ಇದು ಯಾರ ಕಿವಿಯಾದರೆ ನನಗೇನು? ನನಗೇನೂ ಇಲ್ಲ. ಅವಳಿಗೆ ಏನಾದರೂ ಆದರೆ? ಬೀದಿಯಲ್ಲಿ ಒಂದು ಚಪ್ಪಲಿಯ ಸದ್ದೂ ಇರಲಿಲ್ಲ. ಊರಿಗೆ ಊರೇ ಮಲಗಿದ ಅಂಥ ಹೊತ್ತಿನಲ್ಲಿಯೇ ಕಲ್ಲಿನ ಹೆಂಗಸರು ಎದ್ದು ನಡೆಯುವುದು. ಅವರು ಗಾಜಿನ ಮೇಲೆ ನಡೆದ ಹಾಗೆ ನಡೆಯುತ್ತಾರೋ, ಧಡಧಡ ನಡೆಯುತ್ತಾರೋ, ಕಂಡವರಿಲ್ಲ. ನಾನು ಕಿವಿಗೊಟ್ಟು ಕೂತೆ. ಅಡುಗೆಮನೆಯಲ್ಲಿ ಬೆಕ್ಕು ತಟ್ಟೆ ನೆಕ್ಕುವುದು ಬಿಟ್ಟರೆ ಏನೂ ಕೇಳಲಿಲ್ಲ.

ಗೇಟು ತೆರೆಯುವ ಗಂಟೆ ಹೊಡೆಯಿತು. ದುಲ್ಸಿನ್ ತಟ್ಟನೆ ಎದ್ದಳು. ಇಬ್ಬರೂ ಹೊರಟೆವು.

ಗೇಟಿನ ಮುಂದೆ ಜಾತ್ರೆಯ ಹಾಗೆ ಜನ. ಸೆರಫಿನ್ ಬಾಯಮ್ಮ, ಜೋಕಿಂ ಮೇಸ್ತ್ರಿ, ಹಾಲಿನವರು, ಕಸಾಯಿಯವರು, ಬ್ಯಾಂಡಿನವರು, ಇಗರ್ಜಿಯ ಮುಖಂಡರಾದ ಗುರಿಕಾರರು. ಫಾದರ್ ಸಹ ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು, ಅದನ್ನು ತೆರೆಯದೆ, ಸುಮ್ಮನೆ ಆ ಕಡೆ ಅಡ್ಡಾಡುವವರ ಹಾಗೆ ಬಂದಿದ್ದರು. ಇನಾಸ ಬೀಗ ತೆಗೆದ, ಗೇಟು ತಳ್ಳಿದ. ಬೇರೆ ದಿನವಾಗಿದ್ದರೆ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿದ್ದರು. ಅವತ್ತು ಒಬ್ಬರೂ ಕದಲಲಿಲ್ಲ. ಬೆಳಗ್ಗೆ ಅಷ್ಟು ನಕ್ಕವರ ಮುಖದಲ್ಲಿ ಈಗ ನಗು ಇರಲಿಲ್ಲ.

"ಹೋಗಿ ಬಾಯಮ್ಮ," ಎಂದ ಇನಾಸ. ಅವನ ದನಿಯೂ ಸಣ್ಣಗಾಗಿತ್ತು. "ಮನೆಯವರು ಮೊದಲು ಹೋಗ್ಬೇಕು."

ಹೋದೆ. ದುಲ್ಸಿನ್ ನನ್ನ ಮೊಣಕೈ ಹಿಡಿದಿದ್ದಳು. ತುತ್ತೂರಿಯವಳು ದಾಟಿದಳು, ತಕ್ಕಡಿಯವಳು ದಾಟಿದಳು, ಲಾಜರ್ ಅವರ ಬುರುಡೆಯೂ ದಾಟಿತು. ದೇವಕಣಗಿಲೆಯ ಮರ ಅಡ್ಡ ಇದ್ದುದರಿಂದ ಮಾಂಯ್‌ಯ ಗೋರಿ ಕಡೆಯ ತನಕ ಕಾಣುವುದಿಲ್ಲ. ಮರದ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೆ. ಮಗಳು ಹೇಳಲಿ ಅಂತ ಕಾದೆ. ಮೊಣಕೈ ಮೇಲಿನ ಅವಳ ಬೆರಳು ಸಡಿಲವಾದದ್ದು ಮಾತ್ರ ತಿಳಿಯಿತು. ಕಣ್ಣು ಬಿಟ್ಟೆ.

ಬೆರಳಿನವಳು ನಿಂತಿದ್ದಳು. ಹೇಗೆ ನಿಲ್ಲಿಸಿದ್ದರೋ ಹಾಗೆಯೇ, ಬೆರಳು ಬಾಯಿಗಿಟ್ಟು, ತುಟಿ ಒಂದಿಷ್ಟು ಬಿರಿದು. ತಲೆಯ ಮೇಲೆ ಒಂದು ಒಣ ಎಲೆ ಬಿದ್ದಿತ್ತು, ಅದೂ ಜಾರಿರಲಿಲ್ಲ.

ನನ್ನ ಹಿಂದೆ ಒಂದು ಸದ್ದಾಯಿತು. ಸೋಡಾ ಬಾಟಲಿಯ ಗೋಲಿ ಒತ್ತಿದಾಗ ಬರುತ್ತದಲ್ಲ, ಆ ಥರ. ತಿರುಗಿ ನೋಡಿದರೆ ಊರಿಗೆ ಊರೇ ಉಸಿರು ಬಿಟ್ಟದ್ದು ಅದು. ಕಸಾಯಿಯವರು ಟೊಪ್ಪಿ ತೆಗೆದು ಕತ್ತಿನ ಬೆವರು ಒರೆಸಿದರು. ಬ್ಯಾಂಡಿನ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡಿ ನಕ್ಕರು. ಗುರಿಕಾರರು ಹತ್ತಿರದ ಮುರಿದ ಕಂಬದ ಮೇಲೆ ದೊಪ್ಪನೆ ಕೂತರು. ಫಾದರ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಯಾವುದಕ್ಕೆ ಬಂದದ್ದೆಂದು ಮರೆತವರ ಹಾಗೆ, ತಿರುಗಿ ನಡೆದರು. ಅವರ ಹೆಜ್ಜೆ ಹಗುರವಾಗಿತ್ತು.

ಸೆರಫಿನ್ ಬಾಯಮ್ಮ ನನ್ನ ತೋಳು ಹಿಡಿದು ಮರದ ಹಿಂದಕ್ಕೆ ಎಳೆದರು. "ಒಂದು ಕೇಳ್ತೇನೆ, ನಿಜ ಹೇಳು. ಆ ನಿನ್ನ ಅತ್ತೆ ನನ್ನ ವಿಷಯ ನಿನಗೆ ಏನಾದ್ರೂ ಹೇಳಿದ್ದುಂಟಾ?"

"ಇಲ್ಲ ಬಾಯಮ್ಮ."

"ಏನೂ?"

"ನಿಮ್ಮ ಮೀನಿನ ಸಾರಿಗೆ ಉಪ್ಪು ಹೆಚ್ಚು ಅಂತ."

"ಥೂ, ಅದನ್ನು ಅವಳು ಊರಿಗೆಲ್ಲ ಹೇಳಿದ್ದಾಳೆ!" ಎಂದು ಅವರು ನಕ್ಕ ನಗು ಇದೆಯಲ್ಲ, ಅಂಥ ನಗುವನ್ನು ನಾನು ಅವರಲ್ಲಿ ಕಂಡದ್ದೇ ಇಲ್ಲ. ಕಣ್ಣಲ್ಲಿ ನೀರು ಬಂತು. "ಜ್ವರದಲ್ಲಿರುವಾಗ ನಾನೇ ಹೋಗಿ ಕಾಲು ಹಿಡ್ಕೊಂಡಿದ್ದೆ ಕಾರ್ಮಿಣ್. ನನ್ನ ಅದೊಂದು ಗುಟ್ಟು ನಿನ್ನೊಟ್ಟಿಗೆ ಕೊಂಡುಹೋಗು ತಾಯಿ, ಜ್ವರದ ಬಾಯಲ್ಲಿ ಬಿಟ್ಟುಬಿಡ್ಬೇಡ ಅಂತ. ಎಂಥದ್ದು ಅಂತ ನೀನು ಮಾತ್ರ ಕೇಳ್ಬೇಡ."

"ಕೇಳುದಿಲ್ಲ," ಎಂದೆ. ತಲೆಗೆ ತಲೆ ತಾಗಿಸಿ ಕೂತದ್ದು ಇದಕ್ಕೆ. ನಾನು ಎಷ್ಟು ದಿನದ ನಿದ್ದೆ ಹಾಳುಮಾಡಿಕೊಂಡೆ!

ಅವರು ಹೋದ ಮೇಲೆ ಇನಾಸ ಬಂದ. "ನಾನು ಆಗ್ಲೇ ಹೇಳಿದ್ದೆ, ನಿಲ್ತದೆ ಅಂತ."

"ಯಾವಾಗ ಹೇಳಿದ್ದು?"

"ಮನಸ್ಸಲ್ಲಿ." ತಲೆ ಕೆರೆದುಕೊಂಡ. "ಅವರಿಗೆ ನನ್ನದೂ ಒಂದು ವಿಷಯ ಗೊತ್ತಿತ್ತು ಬಾಯಮ್ಮ. ಬೆಳಗ್ಗೆ ನಾನು ನಗಾಡಿದ್ದು ಧೈರ್ಯಕ್ಕೆ."

ಆಗ ನನಗೆ ಎಲ್ಲ ಬೆಳಕಾಯಿತು. ಅಷ್ಟು ಜಗಲಿಗಳಲ್ಲಿ ಅಷ್ಟು ವರ್ಷ 'ಕೂತು ಹೋಗು ಅಪೊಲಿನ್' ಎಂದು ಯಾರು ಯಾರು ಏನೇನು ಗುಟ್ಟು ಇಳಿಸಿಕೊಂಡಿದ್ದರೋ. ಕೋಳಿ, ಹುಣಸೆ, ಗೊರಕೆ, ಉಪ್ಪು, ಇವನ್ನೆಲ್ಲ ಮಾಂಯ್ ಬೀದಿಗೆ ಚೆಲ್ಲುತ್ತಿದ್ದರು. ಚೆಲ್ಲದೆ ಇಟ್ಟುಕೊಂಡದ್ದರ ಮೇಲೆ ಆ ಗದ್ದಲವನ್ನೆಲ್ಲ ಚಾದರದ ಹಾಗೆ ಹೊದಿಸಿದ್ದರು. 'ಮುಚ್ಚಿಟ್ಟದ್ದು ಎಂಥದ್ದು' ಎಂದು ಕೇಳುವವರು ಈಗ ಊರಿನಲ್ಲಿ ಒಬ್ಬರೂ ಇರಲಿಲ್ಲ. ಪ್ರತಿಯೊಬ್ಬರಿಗೂ ಅದು ತಮ್ಮದೇ ಎಂದು ಗೊತ್ತಿತ್ತು. ಬೇರೆಯವರದನ್ನು ಕೆದಕಲು ಹೋದರೆ ತಮ್ಮದೂ ಹೊರಗೆ ಬೀಳುತ್ತದೆ. ಜೋಕಿಂ ಮೇಸ್ತ್ರಿ ಒಬ್ಬನೇ ಹಿಂದೆ ಉಳಿದು, ತಾನು ಕೆತ್ತಿದ ತುಟಿಯನ್ನು ಹೆಬ್ಬೆರಳಿನಿಂದ ಸವರಿ, "ಉಸಿರಾಡ್ಲಿಕ್ಕೆ ಬೇಕು, ಹೌದು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮನೆಗೆ ಹೋದ.

ಜನವೆಲ್ಲ ಕರಗಿದ ಮೇಲೆ ದುಲ್ಸಿನ್ ಸೆರಗಿನ ಗಂಟಿನಿಂದ ಒಂದು ಮೇಣದ ಬತ್ತಿ ತೆಗೆದಳು. "ಅಮ್ಮ, ಆ ಗೋಡೆ ಹತ್ರ ಕರುಣೆಯಮ್ಮನಿಗೆ ಇದೊಂದು ಹಚ್ಚಿ ಹೋಗುವಾ."

"ಅವಳಿಗೆ ಯಾಕೆ ಇವತ್ತು?"

"ನಾನು ಸಿಕ್ಕಿದ ಜಾಗ ಅಲ್ವಾ?"

ನಾನು ಮಾಂಯ್‌ಯ ಗೋರಿಯ ಅಂಚಿನ ಮೇಲೆ ಕೂತುಬಿಟ್ಟೆ. ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ತಲೆಯೆತ್ತಿ ಕಲ್ಲನ್ನು. ಅದು ನಿಂತೇ ಇತ್ತು.

"ಯಾರು ಹೇಳಿದ್ದು?"

"ಅಜ್ಜಿ. ನಾನು ಬೇಕರಿಗೆ ಸೇರಿದ ವರ್ಷ."

"ಅವರು ಹೇಳಿದ್ರೆ ಮತ್ತೆ ಇದು ಹೇಗೆ ನಿಂತಿತು?"

"ನನ್ನ ವಿಷಯ ನನಗೆ ಹೇಳಿದ್ರೆ ಅದು ಚಾಡಿ ಆಗ್ತದಾ ಅಮ್ಮ?" ಅವಳು ನನ್ನ ಪಕ್ಕ ಕೂತಳು. ಅವಳ ನೋಟ ಬದಲಾಗಿರಲಿಲ್ಲ. ಬದಲಾಗುವುದಾದರೆ ಎಷ್ಟೋ ವರ್ಷ ಹಿಂದೆಯೇ ಬದಲಾಗಬೇಕಿತ್ತಲ್ಲ, ಗಂಜಿ ಬಡಿಸುವಾಗ, ತಲೆ ಬಾಚುವಾಗ, ನನ್ನ ಜೊತೆ ಜಗಳ ಆಡುವಾಗ. "ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ರು. 'ನಿನ್ನನ್ನು ಹೆರುವ ನೋವು ಅವಳಿಗೆ ಸಿಗ್ಲಿಲ್ಲ. ಅದರ ಬದಲಿಗೆ ಈ ಗುಟ್ಟನ್ನು ಹೊತ್ತುಕೊಂಡಿದ್ದಾಳೆ. ನಾನಿರುವಷ್ಟು ದಿನ ಕಿತ್ತುಕೊಳ್ಬೇಡ, ಇಬ್ಬರು ಹೊರ್ತೇವೆ. ನಾನು ಹೋದ ಮೇಲೆ ಅವಳೊಬ್ಬಳೇ ಹೊರಬೇಕು. ಆಗ ಇಳಿಸು' ಅಂದ್ರು."

"ಹಾಗಾದ್ರೆ ನಿನ್ನೆಯೇ ಇಳಿಸ್ಬಹುದಿತ್ತಲ್ಲ ಹುಡುಗಿ! ಗಂಜಿ ಇಳಿಯದೆ ಸತ್ತೆ ನಾನು!"

"ನಿನ್ನೆ ಹೇಳಿ, ಇವತ್ತು ಇದು ಓಡಿದ್ರೆ? ನಾನು ಬಾಯಿಬಿಟ್ಟದ್ದಕ್ಕೇ ಓಡಿತು ಅಂತ ಆಗ್ತಿತ್ತು."

"ಅಂದ್ರೆ ನಿನಗೂ ಹೆದರಿಕೆ ಇತ್ತಾ? ಮತ್ತೆ ಅಷ್ಟು ಚಂದ ಮಲಗಿದ್ದಿ?"

"ಮಲಗಿದ್ದು ಎಲ್ಲಿ? ನೀನು ನನ್ನ ಕಿವಿಯನ್ನೇ ನೋಡ್ತಾ ಕೂತಿದ್ದಿ, ನನಗೆ ಮಗ್ಗುಲು ಬದಲಿಸ್ಲಿಕ್ಕೂ ಆಗ್ಲಿಲ್ಲ. ಕೈಗೆ ಇರುವೆ ಹತ್ತಿತ್ತು ಅಮ್ಮ!"

ನನಗೆ ನಗು ಬಂತು. ಅಳುವೂ ಬಂತು. ಎರಡೂ ಒಟ್ಟಿಗೇ ಗಂಟಲಿಗೆ ನುಗ್ಗಿ ಅಲ್ಲೇ ಸಿಕ್ಕಿಕೊಂಡವು, ಬಿಕ್ಕಳಿಕೆ ಹಿಡಿಯಿತು. ಸಣ್ಣದಲ್ಲ, ಮೈ ಇಡೀ ಎಗರುವಂಥದ್ದು. ದುಲ್ಸಿನ್ ನನ್ನ ಬೆನ್ನಿಗೆ ಗುದ್ದಿ, "ಇನಾಸ ಮಾಮ, ನೀರು!" ಎಂದು ಕೂಗಿದಳು. ಅವನು ಓಡಿ ಹೋಗಿ, ಬೇರೇನೂ ಸಿಗದೆ, ಗಿಡಗಳಿಗೆ ನೀರು ಹಾಕುವ ಜಾರಿಯನ್ನೇ ಎತ್ತಿಕೊಂಡು ಬಂದ. ಮೂಗು ಹಿಡಿದು ಅದರ ಮೂತಿಯಿಂದಲೇ ಗಟಗಟ ಕುಡಿದೆ. ನಿಂತಿತು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಬಂತು, ಬಾಯಲ್ಲಿದ್ದ ನೀರೆಲ್ಲ ಇನಾಸನ ಅಂಗಿಯ ಮೇಲೆ.